1000 ವ್ಯಾಟ್ ಅಂದರೆ 1000 ವ್ಯಾಟೇ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ತಂತ್ರಜ್ಞಾನ ಪುಟದಲ್ಲಿ, ಭಾರಿ ಕೆಲಸ ಮಾಡುವ ಡೆಸ್ಕ್‌ಟಾಪ್ ಕಂಪ್ಯೂಟರಿಗೆ ನಾವೇ ಬಿಡಿಭಾಗ ಆರಿಸಿ ಜೋಡಿಸಿಕೊಳ್ಳುವ ಬಗ್ಗೆ ಲೇಖನ ಬಂದಿತ್ತು. ಓದುತ್ತಾ ಓದುತ್ತಾ ಪೆನ್ನು ತೆಗೆದು ಒಂದು ಸಾಲಿನ ಕೆಳಗೆ ಗೆರೆ ಎಳೆದೆ. 1000 ವ್ಯಾಟಿನ ಗೋಲ್ಡ್ ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಕಂಪ್ಯೂಟರಿನ ಭಾಗಗಳಿಗೆ ತಕ್ಕಂತೆ ಮಾಡಿಕೊಡುವ ಡಬ್ಬಿ) ಹಾಕಿದರೂ ಕಂಪ್ಯೂಟರಿಗೆ ಸಿಗುವುದು 900 ವ್ಯಾಟ್ ಮಾತ್ರ, ಯಾಕೆಂದರೆ ಅದರ ದಕ್ಷತೆ ಶೇ 90 ಅಂತ ಬರೆದಿದ್ದಾರೆ. ನಾನು 31 ವರ್ಷ ವಿದ್ಯುತ್ ಮೀಟರ್ ಪರೀಕ್ಷೆ ಮಾಡಿ ನಿವೃತ್ತನಾದವನು. ಈ ಸಾಲು ನೋಡಿಯೂ ಸುಮ್ನೆ ಕೂರೋದು ನನ್ನಿಂದ ಆಗಲಿಲ್ಲ.

ಲೆಕ್ಕ ಉಲ್ಟಾ ಆಗಿದೆ. ಎಸ್‌ಎಂಪಿಎಸ್ ಮೇಲೆ ಬರೆದಿರುವ 1000 ವ್ಯಾಟ್, ಅದು ಒಳಗಿನ ಭಾಗಗಳಿಗೆ ಕೊಡುವ ಪ್ರಮಾಣ. ದಕ್ಷತೆ ಶೇ 90 ಅಂದರೆ, ಆ 1000 ಕೊಡೋದಕ್ಕೆ ಗೋಡೆಯ ಪ್ಲಗ್ಗಿನಿಂದ ಸುಮಾರು 1,111 ವ್ಯಾಟ್ ಎಳೆಯುತ್ತದೆ. ಹೆಚ್ಚಿಗೆ ಎಳೆದ 111 ವ್ಯಾಟ್ ಆ ಡಬ್ಬಿಯೊಳಗೇ ಬಿಸಿಯಾಗಿ ಹೋಗುತ್ತದೆ. ಅದರ ಭಾರ ನಿಮ್ಮ ಮೀಟರಿನ ಮೇಲೆ ಬೀಳುತ್ತದೆಯೇ ಹೊರತು ಕಂಪ್ಯೂಟರಿಗೆ ಒಂದು ವ್ಯಾಟೂ ಕಡಿಮೆಯಾಗಲ್ಲ. ಇನ್ನೊಂದು ಮಾತು. ಬ್ರಾಂಜ್, ಸಿಲ್ವರ್, ಗೋಲ್ಡ್, ಪ್ಲಾಟಿನಂ, ಟೈಟಾನಿಯಂ ಅನ್ನುವ 80 ಪ್ಲಸ್ ಗುರುತುಗಳು ಹೇಳುವುದು ದಕ್ಷತೆಯನ್ನಷ್ಟೇ. ವೋಲ್ಟೇಜ್ ಎಷ್ಟು ಸ್ಥಿರವಾಗಿ ನಿಲ್ಲುತ್ತದೆ, ಒಳಗೆ ಎಂಥ ಕೆಪಾಸಿಟರ್ ಹಾಕಿದ್ದಾರೆ, ಶಾರ್ಟ್ ಆದಾಗ ತಕ್ಷಣ ಕಡಿದುಕೊಳ್ಳುತ್ತದಾ ಅನ್ನೋದಕ್ಕೆ ಆ ಚೀಟಿಯಲ್ಲಿ ಉತ್ತರ ಇಲ್ಲ.

ಇಷ್ಟಕ್ಕೇ ಪತ್ರ ಮುಗಿಸಬಹುದಿತ್ತು. ಆದರೆ ಲೇಖನದ ಕೊನೆಗೆ ಒಂದು ಪಟ್ಟಿ ಇತ್ತಲ್ಲ, ಪ್ರತಿ ಭಾಗದಲ್ಲೂ ಮಾರುಕಟ್ಟೆಯಲ್ಲಿ ಎಲ್ಲಕ್ಕಿಂತ ಮೇಲಿರುವುದನ್ನೇ ಹೆಕ್ಕಿ ಒಂದರ ಕೆಳಗೊಂದು ಬರೆದ ಪಟ್ಟಿ, ಅದು ನನಗೆ ಹೊಸದಲ್ಲ. ಹೆಚ್ಚು ಕಡಿಮೆ ಅಂಥದ್ದೇ ಪಟ್ಟಿ ಹಿಡಿದುಕೊಂಡು ಹೋದ ವರ್ಷ ನನ್ನ ಮಗಳು ನನ್ನ ಮುಂದೆ ನಿಂತಿದ್ದಳು. ಅವಳದು ಬ್ಲೆಂಡರ್ ಎಂಬ ಸಾಫ್ಟ್‌ವೇರಿನಲ್ಲಿ ತ್ರೀಡಿ ಅನಿಮೇಷನ್ ಮಾಡುವ ಕೆಲಸ. ಹಳೆಯ ಯಂತ್ರ ಏದುಸಿರು ಬಿಡುತ್ತಿತ್ತು. "ಅಪ್ಪ, ಇದೊಂದ್ಸಲ ಎಲ್ಲಾ ಟಾಪ್ ಹಾಕ್ಬಿಡೋಣ. ಆಮೇಲೆ ಐದು ವರ್ಷ ತಲೆನೋವಿಲ್ಲ" ಅಂದಳು.

ಆಗಲಿ, ಆದರೆ ಮೊದಲು ಒಂದು ವಾರ ಅಳೆಯೋಣ ಅಂದೆ. ಹಳೇ ಚಾಳಿ. ಲೋಡ್ ಎಷ್ಟು ಅಂತ ತಿಳಿಯದೆ ಟ್ರಾನ್ಸ್‌ಫಾರ್ಮರ್ ಇಡುವವರನ್ನು ನಾನು ಜೀವಮಾನವೆಲ್ಲ ಬೈದಿದ್ದೇನೆ. ಪಕ್ಕದಲ್ಲೊಂದು ನೋಟ್‌ಬುಕ್ ಇಟ್ಟು, ಅವಳು ಕೆಲಸ ಮಾಡುವಾಗ ಯಾವ ಭಾಗ ಎಷ್ಟು ದುಡಿಯುತ್ತಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದು ನೋಡುತ್ತಾ ಕೂತೆ. ಯಂತ್ರ ಎಲ್ಲಿ ಕಾಯುತ್ತದೆ, ಯಾವುದಕ್ಕೆ ಕಾಯುತ್ತದೆ ಅನ್ನೋದಷ್ಟೇ ನನಗೆ ಬೇಕಿತ್ತು.

ಮೂರನೇ ದಿನ ಅವಳು ಬಟ್ಟೆ ಗಾಳಿಗೆ ಹಾರುವ ಒಂದು ಸಿಮ್ಯುಲೇಷನ್ ಹಾಕಿದ್ದಳು. ನಲವತ್ತು ನಿಮಿಷ ಆದರೂ ಮುಗಿದಿಲ್ಲ. ಪ್ರೊಸೆಸರ್ ಬಳಕೆ ಬರೀ ಶೇ 8. "ನೋಡಪ್ಪ, ಸಿಪಿಯು ಸುಮ್ನೆ ಕೂತಿದೆ, ಆದ್ರೂ ನಿಧಾನ" ಅಂದಳು. ಗ್ರಾಫ್ ಮೇಲೆ ರೈಟ್ ಕ್ಲಿಕ್ ಮಾಡಿ ಲಾಜಿಕಲ್ ಪ್ರೊಸೆಸರ್‌ಗಳನ್ನು ಬೇರೆ ಬೇರೆಯಾಗಿ ತೋರಿಸು ಅಂತ ಒತ್ತಿದೆ. ಹನ್ನೆರಡು ಚೌಕ ಬಂದವು. ಒಂದು ಚೌಕ ತುಂಬಿ ತುಳುಕುತ್ತಿತ್ತು, ಉಳಿದ ಹನ್ನೊಂದು ಖಾಲಿ. ಹನ್ನೆರಡರಲ್ಲಿ ಒಂದು ಅಂದರೆ ಶೇ 8 ಚಿಲ್ಲರೆ, ಅಲ್ವಾ? ಒಬ್ಬ ದುಡಿಯುತ್ತಿದ್ದ, ಹನ್ನೊಂದು ಜನ ನೋಡುತ್ತಿದ್ದರು. ಇಂಥ ಕೆಲಸಕ್ಕೆ ಕೋರ್‌ಗಳ, ಅಂದರೆ ಪ್ರೊಸೆಸರಿನೊಳಗೆ ದುಡಿಯುವ ಘಟಕಗಳ, ಸಂಖ್ಯೆ ಹೆಚ್ಚಿಸಿ ಏನೂ ಉಪಯೋಗವಿಲ್ಲ, ಒಂದೊಂದು ಕೋರ್ ಎಷ್ಟು ಚುರುಕು ಅನ್ನೋದೇ ಮುಖ್ಯ. ಜೀನ್ ಆಮ್ಡಾಲ್ ಎಂಬ ಕಂಪ್ಯೂಟರ್ ತಜ್ಞರು 1967ರಲ್ಲೇ ಈ ಲೆಕ್ಕ ಹಾಕಿಟ್ಟಿದ್ದಾರೆ. ಕೆಲಸದ ಹತ್ತನೇ ಒಂದು ಪಾಲನ್ನು ಹಂಚಲು ಬಾರದಿದ್ದರೆ, ನೀವು ಎಷ್ಟೇ ಕೋರ್ ಹಾಕಿ, ವೇಗ ಹತ್ತು ಪಟ್ಟು ದಾಟಲ್ಲ.

ರೆಂಡರ್ ಮಾಡುವಾಗ, ಅಂದರೆ ದೃಶ್ಯವನ್ನು ಕೊನೆಯ ಚಿತ್ರವಾಗಿ ಬಿಡಿಸುವಾಗ, ಕಥೆಯೇ ಬೇರೆ. ಆಗ ಪ್ರೊಸೆಸರ್ ನಿಜವಾಗಿಯೂ ಸುಮ್ನೆ ಕೂತಿರುತ್ತದೆ, ಗ್ರಾಫಿಕ್ಸ್ ಕಾರ್ಡ್ ಪೂರ್ತಿ ದುಡಿಯುತ್ತದೆ. ಅವಳ ಹಳೆಯ ಕಾರ್ಡಿನಲ್ಲಿ 8 ಜಿಬಿ ಮೆಮೊರಿ. ದೊಡ್ಡ ದೃಶ್ಯ ಹಾಕಿದರೆ ಮೆಮೊರಿ ಸಾಲದು ಅಂತ ಹೇಳಿ ನಿಂತೇಬಿಡುತ್ತಿತ್ತು. ಅದೇ ದೃಶ್ಯವನ್ನು ಪ್ರೊಸೆಸರ್ ಮೇಲೆ ರೆಂಡರ್ ಹಾಕಿಸಿ ನೋಡಿದೆವು. ರಾತ್ರಿಯಿಡೀ ಓಡಿತು ಅನ್ನಿ. ಬೆಳಿಗ್ಗೆ ನೋಡಿದರೆ ಪೀಕ್ ಮೆಮೊರಿ, ಅಂದರೆ ಅತಿ ಹೆಚ್ಚೆಂದರೆ ಬಳಸಿದ್ದು, 21 ಜಿಬಿ. ಈ ಒಂದು ಸಂಖ್ಯೆ ಕಾರ್ಡನ್ನು ತೀರ್ಮಾನ ಮಾಡಿಬಿಟ್ಟಿತು. ಆರ್‌ಟಿಎಕ್ಸ್ 5080 ಕಾರ್ಡಿನಲ್ಲಿ 16 ಜಿಬಿ, ಆಗಲ್ಲ. 2025ರ ಜನವರಿಯಲ್ಲಿ ಬಂದ 5090ರಲ್ಲಿ 32 ಜಿಬಿ. ಅದೇ ಸಂಖ್ಯೆ 10 ಜಿಬಿ ಅಂತ ಬಂದಿದ್ದರೆ ನಾನು ಖಂಡಿತ ಚಿಕ್ಕ ಕಾರ್ಡ್ ಸಾಕು ಅಂತ ಜಗಳ ಮಾಡುತ್ತಿದ್ದೆ. ಎರಡು 16 ಜಿಬಿ ಕಾರ್ಡ್ ಹಾಕಿದರೆ 32 ಆಗುತ್ತಲ್ಲ ಅಂತ ನಾನೂ ಕೇಳಿದೆ. ಆಗಲ್ಲವಂತೆ. ಎರಡೂ ಕಾರ್ಡು ಇಡೀ ದೃಶ್ಯದ ಒಂದೊಂದು ಪ್ರತಿ ಇಟ್ಟುಕೊಳ್ಳುತ್ತವೆ. ವೇಗ ಹೆಚ್ಚುತ್ತದೆ, ಜಾಗ ಹೆಚ್ಚಲ್ಲ.

ಪ್ರೊಸೆಸರ್ ವಿಷಯಕ್ಕೆ ಬಂದರೆ, ನಿಮ್ಮ ಲೇಖನದಲ್ಲಿ ಹೊಗಳಿರುವ ರೈಜೆನ್ 7 9800ಎಕ್ಸ್3ಡಿ ಒಳ್ಳೆಯದೇ. 8 ಕೋರ್, 96 ಎಂಬಿ ಎಲ್3 ಕ್ಯಾಶ್, ಅಂದರೆ ಪ್ರೊಸೆಸರಿನೊಳಗೇ ಇರುವ ಚುರುಕು ಮೆಮೊರಿ. ಆಟಗಳಿಗೆ ಬೇಕಾದ ಮಾಹಿತಿ ಮತ್ತೆ ಮತ್ತೆ ರ‍್ಯಾಮ್ ತನಕ ಓಡದೆ ಹತ್ತಿರದಲ್ಲೇ ಸಿಗುತ್ತದೆ, ಅದಕ್ಕೇ ಆಟಗಾರರು ಅದರ ಹಿಂದೆ ಬಿದ್ದಿರುವುದು. ಆದರೆ ಅದು 5.2 ಗಿಗಾಹರ್ಟ್ಸ್ ತನಕ ಓಡುತ್ತದೆ. 9950ಎಕ್ಸ್‌ನಲ್ಲಿ 16 ಕೋರ್, ಓಟ 5.7 ತನಕ. ನನ್ನ ಮಗಳು ಆಟ ಆಡಲ್ಲ. ಸಿಮ್ಯುಲೇಷನ್‌ಗೆ ಒಂಟಿ ಕೋರಿನ ಓಟ ಬೇಕು, ವಿಡಿಯೊ ಹೊರತೆಗೆಯುವಾಗ ಜಾಸ್ತಿ ಕೋರ್ ಬೇಕು. ಅವಳಿಗೆ ಎರಡನೆಯದು ಸರಿ ಹೋಯಿತು, ಆಟ ಆಡುವವರಿಗೆ ಮೊದಲನೆಯದು. ಇಬ್ಬರಿಗೂ ಒಂದೇ ಪಟ್ಟಿ ಕೊಟ್ಟರೆ ಹೇಗೆ?

ರ‍್ಯಾಮ್ ಬಗ್ಗೆ ಒಂದು ಎಚ್ಚರಿಕೆ ಕೊಡಲೇಬೇಕು. ಪಟ್ಟಿಯಲ್ಲಿ ನಾಲ್ಕು ಸ್ಟಿಕ್ ಹಾಕಿದ್ದಾರೆ. ನಾಲ್ಕು ಸ್ಲಾಟ್ ಇದೆ, ತುಂಬಿಸೋಣ ಅಂತ ಅನಿಸೋದು ಸಹಜ. ಆದರೆ ಡಿಡಿಆರ್5 ಅನ್ನುವ ಈಗಿನ ರ‍್ಯಾಮ್ ಹಾಗೆ ಬಗ್ಗಲ್ಲ. ಇದೇ 9950ಎಕ್ಸ್‌ಗೆ ತಯಾರಕರು ಹೇಳುವ ವೇಗ, ಎರಡು ಸ್ಟಿಕ್ ಇದ್ದರೆ 5600, ನಾಲ್ಕು ಹಾಕಿದರೆ 3600 (ಸೆಕೆಂಡಿಗೆ ಇಷ್ಟು ದಶಲಕ್ಷ ಸಲ ಮಾಹಿತಿ ಸಾಗುತ್ತದೆ). ಅದಕ್ಕೇ ನಾವು 48 ಜಿಬಿಯ ಎರಡು ಸ್ಟಿಕ್ ಹಾಕಿದೆವು, ಒಟ್ಟು 96. 6000 ವೇಗ, ಸಿಎಲ್30. ಅಂಗೀಕೃತ ವೇಗಕ್ಕಿಂತ ಇದು ಸ್ವಲ್ಪ ಮೇಲೆ, ಬೋರ್ಡಿನ ಸೆಟ್ಟಿಂಗ್ ಇರುವ ಬಯಾಸ್‌ನಲ್ಲಿ ಎಕ್ಸ್‌ಪೋ ಅನ್ನುವುದನ್ನು ಆನ್ ಮಾಡಬೇಕು. ಎಷ್ಟೋ ಜನ ಅದನ್ನು ಆನ್ ಮಾಡುವುದೇ ಇಲ್ಲ. ಇನ್ನು ಸಿಎಲ್ ಅಂದರೆ ಏನು ಅಂತ ಲೇಖನದಲ್ಲಿ ಬಿಡಿಸಿ ಹೇಳಿಲ್ಲ. ಕೇಳಿದ ಮಾಹಿತಿ ಕೊಡುವ ಮುನ್ನ ಎಷ್ಟು ಬಡಿತ ಕಾಯಿಸುತ್ತದೆ ಅನ್ನುವ ಲೆಕ್ಕ ಅದು. ಕಾಯುವ ಹೊತ್ತು ತಿಳಿಯಲು ಆ ಸಂಖ್ಯೆಯನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿ. 30 ಗುಣಿಸು 2000 ಭಾಗಿಸು 6000, ಅಂದರೆ 10 ನ್ಯಾನೊಸೆಕೆಂಡ್. ಸಿಎಲ್40 ಇದ್ದರೆ 13.3. ಎರಡರ ಡಬ್ಬಿ ಮೇಲೂ 6000 ಅಂತಲೇ ಬರೆದಿರುತ್ತದೆ.

ಎಸ್‌ಎಸ್‌ಡಿಗೆ, ಅಂದರೆ ಫೈಲು ಉಳಿಸುವ ಚಿಪ್ಪಿನ ಡಿಸ್ಕಿಗೆ, ಹೆಚ್ಚು ಹೊತ್ತು ಬೇಡ. ನನ್ನ ನೋಟ್‌ಬುಕ್ಕಿನಲ್ಲಿ ಆ ವಾರವೆಲ್ಲ ಡಿಸ್ಕ್ ಓದಿದ್ದು ಅತಿ ಹೆಚ್ಚೆಂದರೆ ಸೆಕೆಂಡಿಗೆ 900 ಎಂಬಿ. ಪಿಸಿಐಇ 4.0 (ಬೋರ್ಡಿಗೆ ಮಾಹಿತಿ ಸಾಗುವ ದಾರಿಯ ತಲೆಮಾರು) ಡಿಸ್ಕ್ 7 ಜಿಬಿ ಆಸುಪಾಸು ಕೊಡುತ್ತದೆ. 5.0ರದ್ದು ಅದರ ಎರಡು ಪಟ್ಟು ಕೊಡಬಲ್ಲದು, ಬಿಸಿಯನ್ನೂ ಜಾಸ್ತಿ ಕೊಡುತ್ತದೆ. 4.0ರದ್ದೇ ಎರಡು ಹಾಕಿದೆವು. ನೋಡಬೇಕಾದದ್ದು ಬೇರೆ. ಒಂದೊಂದು ಕೋಶದಲ್ಲಿ ನಾಲ್ಕು ಬಿಟ್ ತುಂಬುವ ಕ್ಯೂಎಲ್‌ಸಿ ಮಾದರಿಯದ್ದಾದರೆ, ಸಿಮ್ಯುಲೇಷನ್ ಫೈಲು ಒಂದೇ ಸಮನೆ ಬರೆಯುತ್ತಾ ಹೋದಾಗ ಮಧ್ಯದಲ್ಲಿ ವೇಗ ಕುಸಿಯುತ್ತದೆ. ಮೂರು ಬಿಟ್ಟಿನ ಟಿಎಲ್‌ಸಿ ವಾಸಿ. ಮದರ್‌ಬೋರ್ಡ್‌ಗೂ ಒಂದೇ ಮಾತು. ಕೈಪಿಡಿಯನ್ನು ಇಳಿಸಿಕೊಂಡು ಅಡಿಟಿಪ್ಪಣಿಗಳನ್ನು ಓದಿ. ಕೆಲವು ಬೋರ್ಡುಗಳಲ್ಲಿ ಎರಡನೇ ಎಂ.2 ಸ್ಲಾಟಿಗೆ ಡಿಸ್ಕ್ ಹಾಕಿದ ಕೂಡಲೇ ಗ್ರಾಫಿಕ್ಸ್ ಕಾರ್ಡಿಗೆ ಮಾಹಿತಿ ಓಡುವ 16 ಲೇನ್‌ಗಳು 8ಕ್ಕೆ ಇಳಿಯುತ್ತವೆ. ಡಬ್ಬಿ ಮೇಲೆ ಇದನ್ನು ಯಾರೂ ದಪ್ಪ ಅಕ್ಷರದಲ್ಲಿ ಬರೆಯಲ್ಲ.

ಈಗ ನನ್ನ ಇಲಾಖೆಗೆ ಬರುತ್ತೇನೆ.

5090 ಕಾರ್ಡು 575 ವ್ಯಾಟ್ ಎಳೆಯುತ್ತದೆ. ವೋಲ್ಟೇಜ್ 12. ಭಾಗಿಸಿದರೆ ಸುಮಾರು 48 ಆಂಪಿಯರ್. ನಮ್ಮಂಥವರಿಗೆ 48 ಆಂಪಿಯರ್ ಅಂದರೆ ಹೆಬ್ಬೆರಳಿನ ಗಾತ್ರದ ನಟ್ಟು, ಬೋಲ್ಟು ನೆನಪಾಗುತ್ತದೆ. ಇಲ್ಲಿ ಅದೆಲ್ಲ ಹೋಗಬೇಕಾದ್ದು ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಕನೆಕ್ಟರಿನ ಆರು ಪಿನ್ನುಗಳಲ್ಲಿ. ತಲಾ 8 ಆಂಪಿಯರ್. ಒಂದು ಪಿನ್ನಿನ ಮಿತಿ 9 ಚಿಲ್ಲರೆ. ಹಳೆಯ 8 ಪಿನ್ ಕನೆಕ್ಟರಿನಲ್ಲಿ 150 ವ್ಯಾಟ್ ಮೂರು ಪಿನ್ನಿನಲ್ಲಿ ಹೋಗುತ್ತಿತ್ತು, ತಲಾ 4 ಆಂಪಿಯರ್ ಸ್ವಲ್ಪ ಮೇಲೆ, ಕೈತುಂಬ ಉಳಿಕೆ. ಹೊಸದರಲ್ಲಿ ಉಳಿಕೆಯೇ ಇಲ್ಲ ಅನ್ನಬಹುದು. ಆರರಲ್ಲಿ ಎರಡು ಪಿನ್ ಸರಿಯಾಗಿ ಕೂರಲಿಲ್ಲ ಅಂದುಕೊಳ್ಳಿ. ಉಳಿದ ನಾಲ್ಕು ತಲಾ 12 ಹೊರಬೇಕು. ಕರೆಂಟು ಒಂದೂವರೆ ಪಟ್ಟಾದರೆ ಬಿಸಿ ಎರಡೂಕಾಲು ಪಟ್ಟು. 2022ರಲ್ಲಿ 4090 ಕಾರ್ಡ್ ಬಂದ ಹೊಸದರಲ್ಲೇ ಕನೆಕ್ಟರುಗಳು ಕರಗಿದ ಸುದ್ದಿ ಬಂತು, ನೆನಪಿರಬಹುದು. ಪೂರ್ತಿ ಒಳಗೆ ಹೋಗದ ಪ್ಲಗ್ಗು ಒಂದು ಮುಖ್ಯ ಕಾರಣವಾಗಿತ್ತು. ಆಮೇಲೆ ಆ ಕನೆಕ್ಟರನ್ನು 12ವಿ-2ಎಕ್ಸ್6 ಅಂತ ತಿದ್ದಿದರು. ಅದರಲ್ಲಿ ಸಂಕೇತದ ಚಿಕ್ಕ ಪಿನ್ನುಗಳನ್ನು ಇನ್ನೂ ಗಿಡ್ಡ ಮಾಡಿದ್ದಾರೆ. ಪ್ಲಗ್ಗು ಪೂರ್ತಿ ಕೂರದಿದ್ದರೆ ಕಾರ್ಡು ಲೋಡ್ ಎಳೆಯಬಾರದು ಅನ್ನೋದು ಉದ್ದೇಶ. ಒಳ್ಳೆಯದೇ. ಆದರೆ ಲೂಸ್ ಕಾಂಟ್ಯಾಕ್ಟ್ ಅನ್ನೋದು ಯಾರ ಉದ್ದೇಶವನ್ನೂ ಕೇಳಿ ಬರಲ್ಲ.

ನನ್ನ ಹತ್ತಿರ ಡಿಸಿ ಅಳೆಯುವ ಕ್ಲಾಂಪ್ ಮೀಟರ್ ಇದೆ. ಎಲ್ಲ ಜೋಡಿಸಿದ ಮೇಲೆ ಕಾರ್ಡಿಗೆ ಪೂರ್ತಿ ಲೋಡ್ ಹಾಕುವ ಟೆಸ್ಟ್ ಓಡಿಸಿ, 12 ವೋಲ್ಟಿನ ಆರು ವೈರುಗಳಿಗೂ ಒಂದೊಂದಾಗಿ ಮೀಟರ್ ಹಾಕಿದೆ. ಐದು ವೈರುಗಳಲ್ಲಿ 7.9ರಿಂದ 8.8 ಆಂಪಿಯರ್‌ವರೆಗೆ ಇತ್ತು. ಆರನೆಯದರಲ್ಲಿ 5.1. ಕಣ್ಣಿಗೆ ಪ್ಲಗ್ಗು ಪೂರ್ತಿ ಕೂತಂತೆಯೇ ಕಾಣುತ್ತಿತ್ತು. ಮಗಳೂ ಟಾರ್ಚು ಹಿಡಿದು ನೋಡಿ ಸರಿಯಾಗಿದೆ ಅಂದಿದ್ದಳು. ಆಫ್ ಮಾಡಿ, ಪ್ಲಗ್ಗು ತೆಗೆದು, ಎರಡೂ ಹೆಬ್ಬೆರಳಿನಿಂದ ನೇರವಾಗಿ ಒತ್ತಿದೆ. ಟಕ್ ಅಂತ ಸಣ್ಣ ಸದ್ದು ಬಂತು. ಮೊದಲ ಸಲ ಆ ಸದ್ದು ಬಂದಿತ್ತಾ ಅಂತ ಕೇಳಿದರೆ ಇಬ್ಬರಿಗೂ ನೆನಪಿಲ್ಲ. ಮತ್ತೆ ಅಳೆದಾಗ ಆರೂ ವೈರುಗಳಲ್ಲಿ 7.4ರಿಂದ 8.1ರ ಒಳಗೆ ಬಂತು. ಕ್ಲಾಂಪ್ ಮೀಟರ್ ಎಲ್ಲರ ಮನೆಯಲ್ಲೂ ಇರಲ್ಲ, ಗೊತ್ತು. ಟಕ್ ಅನ್ನುವ ಸದ್ದಿಗೆ ಕಿವಿ ಕೊಡೋದು ಎಲ್ಲರಿಗೂ ಆಗುತ್ತದೆ.

ಕಾರ್ಡಿಗೆ 575, ಪ್ರೊಸೆಸರಿಗೆ ಪೂರ್ತಿ ಲೋಡಿನಲ್ಲಿ 230ರ ತನಕ ಇಟ್ಟುಕೊಳ್ಳಿ (ಡಬ್ಬಿ ಮೇಲೆ 170 ಅಂತಲೇ ಇರುತ್ತದೆ), ಬೋರ್ಡು, ಫ್ಯಾನು, ಡಿಸ್ಕಿಗೆ ಒಂದು ನೂರು. 900 ದಾಟಿತು. ಕಾರ್ಡಿನ ತಯಾರಕರು 1000 ವ್ಯಾಟಿನ ಎಸ್‌ಎಂಪಿಎಸ್ ಸಾಕು ಅನ್ನುತ್ತಾರೆ. ಸಾಕು, ಸುಳ್ಳಲ್ಲ. ಆದರೆ ಇಂಥ ಕಾರ್ಡುಗಳು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತಿನಲ್ಲಿ ಮಿತಿ ಮೀರಿ ಎಳೆದು ಮತ್ತೆ ಇಳಿಯುತ್ತವೆ. ಎಟಿಎಕ್ಸ್ 3.0 ಮತ್ತು 3.1 ನಿಯಮದ ಎಸ್‌ಎಂಪಿಎಸ್‌ಗಳನ್ನು ಇಂಥ ಏರಿಳಿತ ತಡೆಯುವ ಹಾಗೆ ಮಾಡಿರುತ್ತಾರೆ. ನಾವು 3.1ರದ್ದೇ, 1200 ವ್ಯಾಟಿನದು ಹಾಕಿದೆವು. ಪೂರ್ತಿ ಲೋಡಿಗೆ ಹತ್ತಿರ ಓಡದಿದ್ದರೆ ಅದರ ಫ್ಯಾನೂ ಕಿರುಚಲ್ಲ. ಯುಪಿಎಸ್ ಕೊಳ್ಳುವವರಿಗೆ ಇನ್ನೊಂದು ಕಿವಿಮಾತು, ಅದರ ಮೇಲಿನ 1000 ವಿಎ (ವೋಲ್ಟ್-ಆಂಪಿಯರ್) ಅಂದರೆ 1000 ವ್ಯಾಟ್ ಅಲ್ಲ. ಅಲ್ಲಿ ನಿಜವಾಗಿಯೂ ಕಡಿಮೆ ಸಿಗುತ್ತದೆ. ನಿಮ್ಮ ಲೇಖಕರು ಇವೆರಡನ್ನೂ ಕಲಸಿಕೊಂಡರೋ ಏನೋ.

ಈಗ ನನ್ನದೇ ತಪ್ಪು. ಹೇಳದೆ ಬಿಟ್ಟರೆ ಮಗಳು ನಗುತ್ತಾಳೆ. ಹೊಸ ಎಸ್‌ಎಂಪಿಎಸ್ ಜೊತೆ ಬಂದ, ಹಾರ್ಡ್ ಡಿಸ್ಕಿಗೆ ಕರೆಂಟು ಕೊಡುವ ಸಾಟಾ ಪವರ್ ಕೇಬಲ್ ಸ್ವಲ್ಪ ಗಿಡ್ಡ ಇತ್ತು. ಹಳೆಯ ಎಸ್‌ಎಂಪಿಎಸ್‌ನ ಕೇಬಲ್ ಡ್ರಾಯರಿನಲ್ಲಿತ್ತು, ಉದ್ದವಾಗಿತ್ತು. ಹಾಕಿದೆ, ಕೂತಿತು. ಅದೇ ಆರು ಪಿನ್, ಅದೇ ಆಕಾರ. ಸ್ವಿಚ್ ಒತ್ತಿದ ಕೂಡಲೇ ಸಣ್ಣ ಚಟ್ ಸದ್ದು, ಹಿಂದೆಯೇ ಸುಟ್ಟ ವಾಸನೆ. ಮಗಳ ಹಳೆಯ ಹಾರ್ಡ್ ಡಿಸ್ಕ್ ಹೋಯಿತು. ಡಿಸ್ಕಿಗೆ ಹೋಗುವ ಕಡೆಯ ಪ್ಲಗ್ಗು ಎಲ್ಲ ಕಡೆ ಒಂದೇ. ಎಸ್‌ಎಂಪಿಎಸ್ ಕಡೆಯ ತುದಿಗೆ ಮಾತ್ರ ಎಲ್ಲರಿಗೂ ಒಪ್ಪಿತವಾದ ನಿಯಮ ಇಲ್ಲ. ಒಬ್ಬರು 5 ವೋಲ್ಟ್ ಇಟ್ಟ ಜಾಗದಲ್ಲಿ ಇನ್ನೊಬ್ಬರು 12 ಇಟ್ಟಿರುತ್ತಾರೆ. ಒಂದೇ ಕಂಪನಿಯ ಎರಡು ಮಾದರಿಗಳಲ್ಲೂ ಬೇರೆ ಬೇರೆ ಇರಬಹುದು. 31 ವರ್ಷ ಟೆಸ್ಟರ್ ಹಿಡಿದವನು, ಮೊದಲು ಮೀಟರ್ ಹಾಕಿ ನೋಡದೆ ಪ್ಲಗ್ಗು ಚುಚ್ಚಿದೆ.

ಡಿಸ್ಕಿನ ಹಸಿರು ಬೋರ್ಡನ್ನು ಬಿಚ್ಚಿ ಲೆನ್ಸ್ ಹಿಡಿದು ನೋಡಿದೆ. 5 ವೋಲ್ಟಿನ ದಾರಿಯಲ್ಲಿ ಕಾಪಾಡಲೆಂದೇ ಇಟ್ಟ ಒಂದು ಡಯೋಡು ಇರುತ್ತದೆ, ಅಕ್ಕಿಕಾಳಿನಷ್ಟು. ವೋಲ್ಟೇಜ್ ಹೆಚ್ಚಾದಾಗ ಅದು ತಾನು ಶಾರ್ಟ್ ಆಗಿ ಉಳಿದದ್ದನ್ನು ಉಳಿಸುತ್ತದೆ. ಅದು ಕರಿಕಲಾಗಿತ್ತು. ಸೋಲ್ಡರಿಂಗ್ ಐರನ್ ಕಾಯಿಸಿ ಅದನ್ನು ಕಿತ್ತೆ. ಸರಿಯಾದ ಕೇಬಲ್ ಹಾಕಿದೆ. ಡಿಸ್ಕು ತಿರುಗಿತು. ಇದನ್ನು ಯಾರಿಗೂ ಸಲಹೆ ಅಂತ ಹೇಳುತ್ತಿಲ್ಲ, ಎಲ್ಲ ಸಲವೂ ಹೀಗೆ ಬದುಕಲ್ಲ. ಆ ಮಧ್ಯಾಹ್ನವೇ ಮಗಳು ಎಲ್ಲವನ್ನೂ ಬೇರೆ ಡಿಸ್ಕಿಗೆ ತೆಗೆದುಕೊಂಡಳು. ಅವಳು ಮೊಟ್ಟಮೊದಲು ಮಾಡಿದ್ದ ಓಡುವ ಕುದುರೆ ಅದರಲ್ಲಿತ್ತು. ನಾಲ್ಕು ಸೆಕೆಂಡಿನದು. ಒಂದು ಕಾಲು ಸರಿಯಾಗಿ ಮಡಚಲ್ಲ.

ಕ್ಯಾಬಿನೆಟ್ ಬಗ್ಗೆ ಲೇಖನದಲ್ಲಿ ಬಣ್ಣದ ದೀಪ, ಗಾಜು ಅಂತ ಎರಡು ಸಾಲು ಇದೆ ಅಷ್ಟೇ. ನಾವು ಆರಿಸಿದ ಕಾರ್ಡು ಹತ್ತಿರಹತ್ತಿರ 36 ಸೆಂಟಿಮೀಟರ್ ಉದ್ದ. ಅದರ ಅಳತೆಗೆ ರಟ್ಟು ಕತ್ತರಿಸಿ, ಅಂಟಿಸಿ, ಹಳೆಯ ಕ್ಯಾಬಿನೆಟ್ಟಿನೊಳಗೆ ಇಟ್ಟು ನೋಡಿದೆ. ಉದ್ದಕ್ಕೆ ಕೂತಿತು. ಆದರೆ ಮೇಲಿನ ಅಂಚಿನಿಂದ ಪಕ್ಕದ ಗಾಜಿಗೆ ಎರಡು ಬೆರಳಿನಷ್ಟು ಜಾಗವೂ ಇಲ್ಲ. ಕನೆಕ್ಟರಿನಿಂದ ಹೊರಬಂದ ಕೇಬಲನ್ನು ಮೊದಲ 35 ಮಿಲಿಮೀಟರ್ ಬಗ್ಗಿಸಬಾರದು ಅನ್ನುತ್ತಾರೆ. ಗಾಜು ಮುಚ್ಚಿದರೆ ಕೇಬಲ್ ಅಲ್ಲೇ ಮಡಚಿಕೊಳ್ಳುತ್ತಿತ್ತು, ಪಿನ್ನನ್ನು ಒಂದು ಕಡೆಗೆ ಎಳೆಯುತ್ತಿತ್ತು. ಅಗಲವಾದ, ಮುಂದೆ ಜಾಲರಿ ಇರುವ ಬೇರೆ ಕ್ಯಾಬಿನೆಟ್ ಹುಡುಕಿದೆವು. ಪ್ರೊಸೆಸರಿಗೆ ನೀರಿನ ಕೂಲರ್ ಹಾಕೋಣ ಅಂದಳು ಮಗಳು. ನೀರು, ಕರೆಂಟು ಒಂದೇ ಡಬ್ಬಿಯಲ್ಲಿ ಬೇಡ ಅಂತ ನಾನು ಹಟ ಹಿಡಿದೆ. ಅವು ಚೆನ್ನಾಗಿಯೇ ಕೆಲಸ ಮಾಡುತ್ತವೆ, ಹಟ ನನ್ನದು. ಎರಡು ಗೋಪುರದ ದೊಡ್ಡ ಗಾಳಿ ಕೂಲರ್ ಬಂತು. ಅದರ ಎತ್ತರಕ್ಕೂ ರಟ್ಟು ಕತ್ತರಿಸಿದೆ.

ಮೊದಲ ಸಲ ಆನ್ ಮಾಡಿದಾಗ ಫ್ಯಾನೆಲ್ಲ ತಿರುಗಿದವು, ಪರದೆ ಮಾತ್ರ ಕಪ್ಪು. ಒಂದು ನಿಮಿಷ, ಎರಡು ನಿಮಿಷ. ಸುಟ್ಟ ವಾಸನೆ ಬರುತ್ತದಾ ಅಂತ ನಾನು ಮೂಗು ಹತ್ತಿರ ಇಟ್ಟೆ, ಸ್ವಿಚ್ಚಿಗೆ ಕೈ ಹೋಗುತ್ತಿತ್ತು. "ಅಪ್ಪ, ಮುಟ್ಬೇಡ, ಮೆಮೊರಿ ಟ್ರೇನಿಂಗ್ ಆಗ್ತಿದೆ" ಅಂದಳು. ಡಿಡಿಆರ್5 ಮೊದಲ ಸಲ ತನ್ನ ಲೆಕ್ಕ ಹೊಂದಿಸಿಕೊಳ್ಳಲು ಹೀಗೆ ಹಲವು ನಿಮಿಷ ತೆಗೆದುಕೊಳ್ಳುತ್ತದಂತೆ. ನಿಮ್ಮ ಲೇಖನದಲ್ಲಿ ಇದೂ ಇರಬೇಕಿತ್ತು. ಎಷ್ಟು ಜನ ಹೆದರಿ ಮಧ್ಯದಲ್ಲೇ ಆಫ್ ಮಾಡಿ ಬೋರ್ಡು ಕೆಟ್ಟಿದೆ ಅಂದುಕೊಂಡಿರುತ್ತಾರೋ.

ಪತ್ರ ಉದ್ದವಾಯಿತು. ಮಗಳು ಓದಿ, ಇಷ್ಟೆಲ್ಲ ಹಾಕಲ್ಲ ಅಪ್ಪ, ಕತ್ತರಿಸುತ್ತಾರೆ ಅಂದಳು. ಕತ್ತರಿಸಿ, ಬೇಜಾರಿಲ್ಲ. ರ‍್ಯಾಮ್ ತೆಗೆಯಿರಿ, ಕುದುರೆ ತೆಗೆಯಿರಿ. 900 ವ್ಯಾಟಿನ ಆ ಸಾಲಿಗೆ ತಿದ್ದುಪಡಿ ಮಾತ್ರ ಮುಂದಿನ ವಾರ ಅದೇ ಪುಟದಲ್ಲಿ, ಕಣ್ಣಿಗೆ ಕಾಣುವ ಗಾತ್ರದಲ್ಲಿ ಹಾಕಿ.

ಇಂತಿ,
ನಿವೃತ್ತ ಮೀಟರ್ ಪರೀಕ್ಷಕ